ಅಂಜನಕ್ಕನ ಬೆಳಗಿನ ಪ್ರಶ್ನೆ

ಅಂಜನಕ್ಕ ಮಗ್ಗಕ್ಕೆ ಕೂರುವ ಮೊದಲು ದೇವರಿಗೆ ಕೈ ಮುಗಿಯುತ್ತಿದ್ದರೋ ಇಲ್ಲವೋ ನಾನು ಗಮನಿಸಲಿಲ್ಲ. ಜಗಳವನ್ನಂತೂ ದಿನಾ ಕೇಳಿ ಪಡೆಯುತ್ತಿದ್ದರು. ಮೊಳಕಾಲ್ಮೂರಿನ ಅವರ ಮನೆಯ ನಡುಮನೆಯಲ್ಲಿ ನೆಲ ತೋಡಿ ಕೂರಿಸಿದ ಗುಂಡಿ ಮಗ್ಗವಿತ್ತು. ನೇಯುವವರು ಹಲಗೆಯ ಮೇಲೆ ಕೂತು ಕಾಲುಗಳನ್ನು ಗುಂಡಿಯೊಳಕ್ಕೆ ಇಳಿಬಿಡಬೇಕು. ಬೆಳಿಗ್ಗೆ ಆ ಗುಂಡಿಯ ದಡದಲ್ಲಿ ಅಂಜನಕ್ಕ ಸೆರಗು ಸಿಕ್ಕಿಸಿಕೊಂಡು ನಿಲ್ಲುವರು, ಪಕ್ಕದಲ್ಲಿ ಅವರ ಓರಗಿತ್ತಿ ರತ್ನಮ್ಮ.

“ರತ್ನಾ, ನನ್ ಮ್ಯಾಲೆ ಏನೈತೆ ಹೇಳು.”

“ಸಾರು ಉಪ್ಪಾಗೈತೆ ಅಂತ ನಿನ್ನೆ ನಮ್ಮನೇರ ಮುಂದೆ ಅಂದೆಲ್ಲಕ್ಕ, ಅದೈತೆ.”

“ಹೂಂ, ಅನ್ನಬಾರದಿತ್ತು. ಇನ್ನೇನೈತೆ?”

“ಇನ್ನೇನಿಲ್ಲ.”

“ನಂದೈತೆ. ನನ್ ಬಾಚಣಿಗೆ ಮುಟ್ಟಬ್ಯಾಡ ಅಂದಿದ್ನಿ, ಮತ್ತೆ ಮುಟ್ಟೀಯ.”

“ಹೂಂ, ಮುಟ್ಟೀನಿ.”

ಇಷ್ಟಾದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಕಾಲಿಳಿಸುವರು. ಮಗ್ಗದ ಸದ್ದು ಶುರುವಾಗುತ್ತಿತ್ತು.

ಇದು ಅವರ ಅತ್ತೆಯ ಕಾಲದಿಂದ ಆ ಮನೆಯಲ್ಲಿ ನಡೆದುಬಂದ ಪದ್ಧತಿ. ಅವರು ನೇಯುವ ರೇಷ್ಮೆ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಒಡಲಿಗೆ ಅಡ್ಡ ಎಳೆ ಹಾಯಿಸುವ ಲಾಳಿ ಅಂಜನಕ್ಕನದು, ಅಂಚಿನ ಲಾಳಿ ರತ್ನಮ್ಮನದು. ಎರಡು ಬಣ್ಣ ಸೇರುವ ಕಡೆ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳಬೇಕು. ಒಬ್ಬರು ಸಿಟ್ಟಿನಲ್ಲಿ ಬಿಗಿದು ಎಳೆದು ಇನ್ನೊಬ್ಬರು ಬೇಸರದಲ್ಲಿ ಸಡಿಲ ಬಿಟ್ಟರೆ ಅಂಚು ಸುಕ್ಕುಗಟ್ಟುತ್ತದೆ, ಆಮೇಲೆ ಯಾವ ಇಸ್ತ್ರಿಗೂ ಅದು ಬಗ್ಗುವುದಿಲ್ಲ. ಅದಕ್ಕೇ ಮನಸ್ಸಿನಲ್ಲಿರುವುದನ್ನು ಮೊದಲು ಹೊರಗೆ ಹಾಕಬೇಕು. ಇದರ ಜೊತೆಗೊಂದು ಕಟ್ಟುಪಾಡೂ ಇತ್ತು. ಗುಂಡಿಯ ದಡದಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು, ಮನೆಯ ಗಂಡಸರ ಕಿವಿಗೂ ಬೀಳಬಾರದು. ಗೋಡೆಯಾಚೆ ಬಾಡಿಗೆ ಕೋಣೆಯಲ್ಲಿದ್ದ ನನ್ನ ಕಿವಿಯನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾನು ಚಳ್ಳಕೆರೆಯವಳು. ಮೊಳಕಾಲ್ಮೂರಿನ ಶಾಲೆಗೆ ವರ್ಗವಾದಾಗ ಆ ಕೋಣೆ ಹಿಡಿದು, ಶನಿವಾರ ಮಧ್ಯಾಹ್ನ ತಳಕಿನ ಮೇಲೆ ಹೋಗುವ ಬಸ್ಸು ಹತ್ತಿ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬಂದುಬಿಡುತ್ತಿದ್ದೆ. ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ಸದಾ ನಗುನಗುತ್ತಾ ಇರುವವರನ್ನು ಕಂಡರೆ ನನಗೆ ಅನುಮಾನ. ನಮ್ಮ ಶಾಲೆಯ ವಾಟ್ಸಾಪ್ ಗುಂಪಿಗೆ ಸಂತೋಷವಾಗಿರಲು ಇಷ್ಟು ಸೂತ್ರ, ಅಷ್ಟು ಅಭ್ಯಾಸ ಎಂದು ಹೂವಿನ ಚಿತ್ರದ ಜೊತೆ ದಿನ ಬೆಳಗಾದರೆ ಬಂದು ಬೀಳುತ್ತಿತ್ತು. ಅದನ್ನು ಕಳಿಸುತ್ತಿದ್ದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರ ಮೇಲೂ ಮುಖ ಗಂಟಿಕ್ಕಿಕೊಂಡೇ ಕೂತಿರುತ್ತಿದ್ದರು. ಹಾಗಾಗಿ ಅಂಜನಕ್ಕನ ನಗುವನ್ನೂ ನಾನು ಮೊದಲ ಆರು ತಿಂಗಳು ನಂಬಲಿಲ್ಲ. ಎಲ್ಲೋ ಒಂದು ಕಡೆ ಇವರ ಬಣ್ಣ ಬಯಲಾಗುತ್ತದೆ ಎಂದು ಕಾಯುತ್ತಿದ್ದೆ.

ಅವರಿಗೆ ಆಗ ಅರವತ್ತು ದಾಟಿರಬೇಕು. ಸಣ್ಣ ಆಳು, ಉದ್ದ ಹೆಜ್ಜೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಮೈದುನ, ರತ್ನಮ್ಮ, ಅವರ ಮಗಳು ಸುಜಾತ, ಇಷ್ಟೇ ಸಂಸಾರ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ.

ಅವರ ಒಂದು ಅಭ್ಯಾಸ ಇಡೀ ಬೀದಿಯ ಹೆಂಗಸರಿಗೆ ಕಣ್ಣುರಿ ತರಿಸಿತ್ತು. ರೊಟ್ಟಿ ತಟ್ಟಲು ಕೂತರೆ ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಅವರೇ ತಿನ್ನುತ್ತಿದ್ದರು. ಅದೂ ನಿಂತುಕೊಂಡಲ್ಲ, ಕದ್ದು ಮುಚ್ಚಿ ಅಲ್ಲ. ಒಲೆ ಸಣ್ಣ ಮಾಡಿ, ತಟ್ಟೆಗೆ ಹಾಕಿಕೊಂಡು, ಶೇಂಗಾ ಚಟ್ನಿಪುಡಿಗೆ ಎಣ್ಣೆ ಬಿಟ್ಟುಕೊಂಡು, ಚಕ್ಕಳಮಕ್ಕಳ ಹಾಕಿ ಕೂತು ನಿಧಾನವಾಗಿ ತಿಂದು ಮುಗಿಸಿ, ಆಮೇಲೆ ಎರಡನೆಯದಕ್ಕೆ ಹಿಟ್ಟು ತೆಗೆದುಕೊಳ್ಳುವರು. ಗಂಡಸರು ಕಾದಿದ್ದರೆ ಕಾಯಲಿ.

“ಎಲ್ಲಾರಿಗೂ ಬಡಿಸಿ ಕಡೇಗೆ ತಣ್ಣಗಾದ್ದು ತಿಂದು, ಆಮ್ಯಾಲೆ ಜನ್ಮ ಪೂರ್ತಿ ಅದನ್ನ ಹೇಳ್ಕೊಂಡು ತಿರುಗೋದು ನನ್ ಕೈಲಾಗಲ್ಲಮ್ಮ,” ಎಂದು ನನಗೆ ಹೇಳಿದ್ದರು. “ನಾನು ಬಿಸೀದು ತಿಂದೀನಿ. ಯಾರ ಮ್ಯಾಲೂ ಬಾಕಿ ಇಲ್ಲ.”

ಸಂಜೆ ಮಗ್ಗದಿಂದ ಎದ್ದ ಮೇಲೆ ಬೀದಿಯ ತುದಿಯವರೆಗೆ ನಡೆದು ಬರುವರು. ಕೈಯಲ್ಲಿ ಚೀಲ ಇರಕೂಡದು, ಸೊಪ್ಪು ತರುವ ಕೆಲಸ ಇರಕೂಡದು. ಕೈ ಬೀಸಿಕೊಂಡು ಹೋಗಿ ಕೈ ಬೀಸಿಕೊಂಡು ಬರಬೇಕು. “ದಿನಾ ಹೊತ್ಕೊಂಡೇ ಬರ್ತೀವಲ್ಲ, ಒಂದ್ಸಾರಿ ಕೈಗೆ ಪುರಸೊತ್ತು ಕೊಡಾನ” ಎನ್ನುವರು. ಆ ದಾರಿಯಲ್ಲೇ ಅವರ ಮತ್ತೊಂದು ಅಭ್ಯಾಸ. ಕಂಡ ಒಳ್ಳೆಯದನ್ನು ಕಂಡ ಕೂಡಲೇ ಎದುರಿಗೇ ಹೇಳಿಬಿಡಬೇಕು. ಕಸದ ಗಾಡಿ ಓಡಿಸುವವನಿಗೆ, “ಆ ಸಂದೀಲಿ ಗಾಡಿ ತಿರುಗಿಸ್ದೆಲ್ಲಪ್ಪ, ಎಮ್ಮೆ ಕೂಡ ಹಂಗ್ ತಿರುಗಲ್ಲ.” ಮಟನ್ ಅಂಗಡಿಯ ಸಾಹೇಬರಿಗೆ, “ಏನ್ ಸಾಬ್ರೇ, ಬಾಗಿಲಿಗೆ ಹೊಸಾ ಬಣ್ಣ, ಬಾಳ ಖುಷಿಯಾತು ನೋಡಿ.” ಅಂಜನಕ್ಕ ಮಾಂಸ ಮುಟ್ಟಿದವರೇ ಅಲ್ಲ. ನನಗೂ ಒಮ್ಮೆ ಹೇಳಿದರು, “ಮೇಡಂ, ನೀವು ಸಿಟ್ಟಿನಾಗೆ ಪಾತ್ರೆ ಕುಕ್ಕಿದ್ರೂ ಒಂದೂ ನೆಗ್ಗಲ್ಲ ನೋಡ್ರಿ.” ಇದನ್ನು ಹೊಗಳಿಕೆ ಎಂದುಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಈ ಹೊಗಳುವ ಅಭ್ಯಾಸವೇ ಅವರನ್ನು ಹಳ್ಳಕ್ಕೆ ಕೆಡವಿತು.

ಸುಜಾತಳನ್ನು ರಾಯದುರ್ಗಕ್ಕೆ ಕೊಟ್ಟು ವರ್ಷವಾಗಿತ್ತು. ಗಡಿ ದಾಟಿದರೆ ಸಿಗುವ ಊರು, ಹತ್ತಿರವೇ. ಆದರೆ ಬೀಗರ ಮನೆಯವರು ಕೈ ಬಿಗಿ, ಮಾತು ಬಿಗಿ ಎಂದು ರತ್ನಮ್ಮನಿಗೆ ಒಳಗೇ ಕೊರಗು. ಆ ಕೊರಗನ್ನು ಅವರು ಬೆಳಿಗ್ಗೆ ಗುಂಡಿಯ ದಡದಲ್ಲಿ ಬಿಟ್ಟರೆ ಬೇರೆಲ್ಲೂ ಬಾಯಿ ಬಿಟ್ಟವರಲ್ಲ. ಒಂದು ಭಾನುವಾರ ಬೀಗರು ಸೊಸೆಯನ್ನು ಕರೆದುಕೊಂಡು ಊಟಕ್ಕೆ ಬಂದರು. ಅಂದು ನಾನು ಊರಿಗೆ ಹೋಗಿರಲಿಲ್ಲ, ನನಗೂ ಎಲೆ ಹಾಕಿದ್ದರು. ಸುಜಾತಳ ಅತ್ತೆ ತಮ್ಮ ಎಲೆಯ ಹೋಳಿಗೆ ಎತ್ತಿ, “ತಿನ್ನೇ, ನಿನಗಿಷ್ಟ ಅಲ್ವಾ” ಎಂದು ಸೊಸೆಯ ಎಲೆಗೆ ಹಾಕಿದರು. ಅಂಜನಕ್ಕ ಬಡಿಸುತ್ತಿದ್ದವರು ಅದನ್ನು ಕಂಡು ಅಲ್ಲೇ ನಿಂತುಬಿಟ್ಟರು. ಅವರ ಮುಖ ಅರಳಿತು. ಕಂಡದ್ದನ್ನು ಹೇಳದೆ ಇರಲು ಅವರಿಗೆ ಬರುತ್ತಿರಲಿಲ್ಲ.

“ನೋಡಮ್ಮಾ, ಎಂಥಾ ಒಳ್ಳೇರು ನೀವು,” ಎಂದರು ಬೀಗಿತ್ತಿಗೆ. “ನಮ್ ರತ್ನ ಸುಮ್ಸುಮ್ನೆ ಹೆದರ್ಕೊಂಡು ದಿನಾ ಅಳ್ತಾಳೆ, ಜಿಪುಣರ ಮನೀಗೆ ಕೊಟ್ಟು ಮಗಳನ್ನ ಬಾವೀಗ್ ತಳ್ಳಿದೆ ಅಂತ. ಈಗ್ ನೋಡಿದ್ಲಲ್ಲ.”

ಪಂಕ್ತಿಯಲ್ಲಿ ಎಲ್ಲರ ಕೈಯೂ ನಿಂತಿತು. ಬೀಗಿತ್ತಿ ಎಲೆಯಲ್ಲೇ ನೀರು ಬಿಟ್ಟುಕೊಂಡು ಎದ್ದರು. ಸುಜಾತ ತಾಯಿಯ ಮುಖ ನೋಡಿದಳು. ರತ್ನಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಇಲ್ಲ ಎನ್ನಲೂ ಬಾಯಿ ಬರಲಿಲ್ಲ. ಒಂದು ಗಂಟೆಯೊಳಗೆ ಬೀಗರು ಸೊಸೆಯ ಸಮೇತ ಹೊರಟುಹೋದರು. ಆಮೇಲೆ ಸುಜಾತ ಫೋನ್ ಮಾಡುವುದನ್ನು ನಿಲ್ಲಿಸಿದಳು. ತಾಯಿ ಮಾಡಿದರೆ ಎತ್ತುತ್ತಿರಲಿಲ್ಲ. ಆ ಮನೆಯಲ್ಲಿ ಅವಳಿಗೆ “ಬಾವಿಗೆ ಬಿದ್ದೋಳು” ಎಂದೇ ಹೆಸರು ಬಿದ್ದಿದೆ ಎಂಬ ಸುದ್ದಿ ಯಾರದೋ ಬಾಯಿಂದ ಬಂತು.

ರತ್ನಮ್ಮ ಬೈಯಲಿಲ್ಲ. ಹಿತ್ತಲ ಕೋಣೆಯಲ್ಲಿ ಬೇರೆ ಒಲೆ ಹೂಡಿದರು, ಮಗ್ಗಕ್ಕೆ ಬರುವುದನ್ನು ಬಿಟ್ಟರು. ಅರ್ಧ ನೇಯ್ದ ಸೀರೆ ಹಾಗೇ ನಿಂತಿತು. ಬೇರೆಯವರನ್ನು ಕೂರಿಸಿ ಮುಗಿಸಿ ಎಂದು ಮೈದುನ ಹೇಳಿದಾಗ ಅಂಜನಕ್ಕ, “ಅವಳ ಜಾಗ ಅದು” ಎಂದಷ್ಟೇ ಹೇಳಿದರು.

ರತ್ನಮ್ಮ ಬೇರೆ ಒಲೆ ಹೂಡಿದ ಮರುದಿನ ಬೆಳಿಗ್ಗೆ ನನಗೆ ಗೋಡೆಯಾಚೆಯಿಂದ ಮಾಮೂಲಿ ಧ್ವನಿ ಕೇಳಿಸಿತು. “ರತ್ನಾ, ನನ್ ಮ್ಯಾಲೆ ಏನೈತೆ ಹೇಳು.” ನಾನು ಎದ್ದು ಬಾಗಿಲ ಸಂದಿಯಿಂದ ನೋಡಿದೆ. ಅಂಜನಕ್ಕ ಗುಂಡಿಯ ದಡದಲ್ಲಿ ನಿಂತಿದ್ದರು, ಪಕ್ಕದಲ್ಲಿ ಯಾರೂ ಇಲ್ಲ. ಹಿತ್ತಲ ಕೋಣೆಯಲ್ಲಿ ಪಾತ್ರೆಯ ಸದ್ದು ನಿಂತಿತು, ಉತ್ತರ ಬರಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು, ಕಾಲಿಳಿಸದೆ ಹಿಂದಕ್ಕೆ ಬಂದರು. ಮಾರನೆಯ ದಿನವೂ ಹಾಗೆಯೇ, ಅದರ ಮಾರನೆಯ ದಿನವೂ ಹಾಗೆಯೇ.

ಅವರ ಬೇರೆ ಅಭ್ಯಾಸಗಳು ಒಂದೂ ತಪ್ಪಲಿಲ್ಲ, ಅದೇ ನನಗೆ ಸಿಟ್ಟು ತರಿಸಿದ್ದು. ಒಂದು ಸಂಸಾರ ಒಡೆದು ಕೂತಿರುವಾಗ ಈ ಹೆಂಗಸು ಚಕ್ಕಳಮಕ್ಕಳ ಹಾಕಿಕೊಂಡು ಬಿಸಿ ರೊಟ್ಟಿ ತಿನ್ನುತ್ತಾರಲ್ಲ, ಸಂಜೆ ಕೈ ಬೀಸಿಕೊಂಡು ಹೋಗುತ್ತಾರಲ್ಲ! ಕೊನೆಗೆ ಕೇಳಿಯೇಬಿಟ್ಟೆ, “ಅಕ್ಕಾ, ನಿಮಗೆ ಹೊಟ್ಟೆಗೆ ಹೇಗೆ ಇಳಿಯುತ್ತೆ?”

ಅವರು ತುತ್ತು ನುಂಗಿ ನನ್ನ ಕಡೆ ನೋಡಿದರು. ಕಣ್ಣು ಕೆಂಪಗಿತ್ತು, ರಾತ್ರಿ ನಿದ್ದೆ ಮಾಡಿದ ಕಣ್ಣಲ್ಲ ಅದು.

“ಇಳಿಯಲ್ಲ ಮೇಡಂ, ಇಳಿಸ್ತೀನಿ. ನಾನು ಉಪವಾಸ ಬಿದ್ದು ಮೂಲೆ ಹಿಡಿದ್ರೆ ಏನಾಗ್ತದೆ? ಪಾಪ ಅಂಜನಕ್ಕ ಅಂತ ಬೀದಿ ಜನ ಬರ್ತಾರೆ. ರತ್ನಾನೂ ತನ್ ನೋವು ಬಿಟ್ಟು ನನ್ನ ಸಮಾಧಾನ ಮಾಡ್ಬೇಕಾಗ್ತದೆ. ಕಳ್ಕೊಂಡೋಳು ಅವಳು. ಅಳೋದೂ ನಾನೇ ಕಸ್ಕೊಂಡ್ರೆ ಹೆಂಗೆ?”

ಇವರ ಖುಷಿ ಹುಟ್ಟುಗುಣವಲ್ಲ, ದಿನಾ ಎದ್ದು ಮಾಡುವ ಕೆಲಸ ಎಂದು ನನಗೆ ಅಂದು ಗೊತ್ತಾಯಿತು. ಆ ರೊಟ್ಟಿಯನ್ನು ಅವರು ಎಷ್ಟು ಕಷ್ಟಪಟ್ಟು ತಿನ್ನುತ್ತಿದ್ದರು ಎಂಬುದನ್ನು ನೋಡಿದ ಮೇಲೆ ಅವರ ಮುಂದೆ ಕೂರುವಾಗ ನಾನು ಸ್ವಲ್ಪ ಸರಿಯಾಗಿ ಕೂರತೊಡಗಿದೆ.

ಹೀಗೇ ಮೂರ್ನಾಲ್ಕು ತಿಂಗಳು ಕಳೆದ ಮೇಲೆ ಒಂದು ರಜೆಯ ದಿನ ಬೆಳಿಗ್ಗೆ ಅಂಜನಕ್ಕ ಬಂದು, “ರಾಯದುರ್ಗಕ್ಕೆ ಬರ್ತೀರಾ ಮೇಡಂ?” ಎಂದರು. “ನಿಮಗ್ಯಾಕೆ ತೊಂದ್ರೆ ಅಂತಾನೇ ಇದ್ದೆ. ಆದ್ರೆ ಅರ್ಧ ದಾರೀಲಿ ನಾನೇ ಇಳಿದು ಓಡಿ ಬಂದೇನು ಅಂತ ಹೆದ್ರಿಕೆ. ಕೈ ಹಿಡ್ಕೊಳ್ಳಾಕೆ ಒಬ್ರಿರಲಿ.” ಬಸ್ಸಿನಲ್ಲಿ ಅವರು ಡ್ರೈವರನನ್ನು ಹೊಗಳಲಿಲ್ಲ, ಕಿಟಕಿಯಾಚೆ ಏನನ್ನೂ ತೋರಿಸಲಿಲ್ಲ. ನನ್ನ ಕೈಯನ್ನು ನಿಜವಾಗಿಯೂ ಹಿಡಿದುಕೊಂಡೇ ಕೂತಿದ್ದರು.

ಬೀಗರ ಮನೆಯಲ್ಲಿ ಒಳಗೆ ಬನ್ನಿ ಎನ್ನಲಿಲ್ಲ. ಬಾಗಿಲು ತೆರೆದ ಬೀಗಿತ್ತಿ ಅಡ್ಡ ನಿಂತರು, ಅವರ ಹಿಂದೆ ಸುಜಾತ. ಬಸುರಿ ಎಂಬುದು ನೋಡಿದರೇ ಗೊತ್ತಾಗುತ್ತಿತ್ತು. ಮೊಳಕಾಲ್ಮೂರಿನಲ್ಲಿ ಆ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅಂಜನಕ್ಕ ಅವಳ ಹೊಟ್ಟೆಯನ್ನು ಒಮ್ಮೆ ನೋಡಿ, ಹೊಸ್ತಿಲ ಈಚೆಯೇ ನಿಂತು ಕೇಳಿದರು. “ಚೆಪ್ಪಮ್ಮಾ. ನಾ ಮೀದ ಏಮುಂದೋ ಅಂತಾ ಚೆಪ್ಪು.” ನನ್ನ ಮೇಲೆ ಏನಿದೆಯೋ ಎಲ್ಲಾ ಹೇಳು ಎಂದು.

ಆ ಹುಡುಗಿ ಅತ್ತೆಯ ಪಕ್ಕಕ್ಕೆ ಬಂದು ನಿಂತಳು. ಆಮೇಲೆ ಶುರು ಮಾಡಿದಳು. ಹೋಳಿಗೆ ತಿನ್ನುವಾಗ, ನೀರು ಸೇದುವಾಗ, ನೆಂಟರು ಬಂದಾಗ ಅವಳು ಕೇಳಿದ ಒಂದೊಂದು ಚುಚ್ಚುಮಾತನ್ನೂ ಹೇಳಿದಳು. “ನಿನ್ ಬಾಯಿಂದ ಪೆದ್ದಮ್ಮಾ, ನಿನ್ ಬಾಯಿಂದ” ಎಂದು ದೊಡ್ಡಮ್ಮನಿಗೆ ಮತ್ತೆ ಮತ್ತೆ ಹೇಳಿದಳು. ಅವಳಾದ ಮೇಲೆ ಅವಳ ಅತ್ತೆ. ಜಿಪುಣರು ಎನಿಸಿಕೊಂಡ ಸಂಕಟ ಆಕೆಗೂ ಕಡಿಮೆ ಇರಲಿಲ್ಲ. ಬಿಸಿಲು ಮೆಟ್ಟಿಲು ದಾಟಿ ನಮ್ಮ ಬೆನ್ನಿಗೆ ಬಂತು. ಅಂಜನಕ್ಕ ನಿಂತೇ ಇದ್ದರು. ಹಾಗಲ್ಲ ಎನ್ನಲಿಲ್ಲ, ಒಳ್ಳೆಯದಕ್ಕೇ ಅಂದೆ ಎನ್ನಲಿಲ್ಲ, ಕಣ್ಣೀರು ಹಾಕಲಿಲ್ಲ. ಪ್ರತಿಯೊಂದಕ್ಕೂ “ಅವುನಮ್ಮಾ” ಎನ್ನುವರು, ಹೌದಮ್ಮ. ನನಗೆ ಪಕ್ಕದಲ್ಲಿ ನಿಲ್ಲುವುದೇ ಕಷ್ಟವಾಗಿತ್ತು. ಬೈಗುಳವನ್ನು ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡವರನ್ನು ನಾನು ನನ್ನ ಜೀವಮಾನದಲ್ಲಿ ಬೇರೆ ನೋಡಿಲ್ಲ. ಎಲ್ಲ ಮುಗಿದ ಮೇಲೆ “ಇಂಕಾ ಏಮೈನಾ ಉಂದಾ?”, ಇನ್ನೇನಾದರೂ ಇದೆಯೇ ಎಂದು ಕೇಳಿ, ಇಲ್ಲ ಎಂದ ಮೇಲೆ ಇಬ್ಬರಿಗೂ ಕೈ ಮುಗಿದು ಮೆಟ್ಟಿಲಿಳಿದರು.

“ಹಗುರ ಆಯ್ತಾ ಅಕ್ಕಾ?” ಎಂದೆ ಬಸ್ಸಿನಲ್ಲಿ.

“ನಂಗಾ? ನಂಗ್ ಭಾರ ಆಗೈತೆ. ಅವರಿಗೆ ಆಗಿದ್ರೆ ಸಾಕು.”

ಎರಡು ವಾರದ ಮೇಲೆ ಸುಜಾತ ತಾಯಿಗೆ ಫೋನ್ ಮಾಡಿದಳು. ಏನು ಮಾತಾಡಿದರೋ ಗೊತ್ತಿಲ್ಲ, ಹಿತ್ತಲ ಕೋಣೆಯಿಂದ ಅಳುವ ಸದ್ದು ಬಹಳ ಹೊತ್ತು ಬಂತು. ಮಾರನೆಯ ಬೆಳಿಗ್ಗೆ ಅಂಜನಕ್ಕ ಗುಂಡಿಯ ದಡದಲ್ಲಿ ನಿಂತು ಎಂದಿನಂತೆ ಕೇಳಿದಾಗ ರತ್ನಮ್ಮ ಬಂದು ಪಕ್ಕದಲ್ಲಿ ನಿಂತರು.

“ಐತೆ ಅಕ್ಕಾ. ಇನ್ನೂ ಐತೆ.”

ಅಂಜನಕ್ಕ ಅವರ ಕಡೆ ತಿರುಗಿ ಮುಖವನ್ನೇ ನೋಡಿದರು. “ಇರ್ಲಿ. ಎಷ್ಟೈತೋ ಅಷ್ಟು ಇಟ್ಕೊಂಡೇ ಕುಂತ್ಕೋ,” ಎಂದರು. ಇಬ್ಬರೂ ಕೂತು ಕಾಲಿಳಿಸಿದರು.

ಸುಜಾತ ಬಾಣಂತನಕ್ಕೆ ತವರಿಗೇ ಬಂದಳು, ಕೂಸು ಎತ್ತಿಕೊಂಡು ವಾಪಸ್ಸು ಹೋದಳು, ಹಬ್ಬಕ್ಕೆ ಬಂದುಹೋಗಿ ಮಾಡಿದಳು. ಆದರೂ ಬೆಳಗಿನ ಉತ್ತರ ಬದಲಾಗಲಿಲ್ಲ. ನನ್ ಮ್ಯಾಲೆ ಏನೈತೆ? ಐತೆ. ಇರ್ಲಿ. ನಾನು ಆ ಮನೆಯಲ್ಲಿದ್ದಷ್ಟು ವರ್ಷವೂ ಇದನ್ನೇ ಕೇಳಿದೆ. ಕ್ಷಮೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ದಿನಾ ಬೆಳಿಗ್ಗೆ ಎದ್ದು, ಮುಖಕ್ಕೆ ಮುಖ ಕೊಟ್ಟು ಕೇಳುವುದೆಂದರೆ ಹುಡುಗಾಟವಲ್ಲ. ಕೇಳಿದ ಅರ್ಧ ಗಂಟೆಗೆ ಅದೇ ಅಂಜನಕ್ಕ ರತ್ನಮ್ಮನಿಗೆ ಏನೋ ಹೇಳಿ ನಗಿಸುತ್ತಿದ್ದರು. ನನ್ನ ಅನುಮಾನವೆಲ್ಲ ಎಲ್ಲಿಗೆ ಹೋಯಿತೋ, ಅವರನ್ನು ನೋಡಿ ಬೆರಗಾಗುವುದೊಂದೇ ನನಗೆ ಉಳಿಯಿತು.

ಮತ್ತೆ ಚಳ್ಳಕೆರೆಗೆ ವರ್ಗವಾಗಿ ಬಂದೆ. ಕಳೆದ ವರ್ಷ ರತ್ನಮ್ಮನ ಫೋನ್ ಬಂತು. ಅಂಜನಕ್ಕನಿಗೆ ಲಕ್ವ ಹೊಡೆದಿದೆ, ಚಳ್ಳಕೆರೆಯ ಆಸ್ಪತ್ರೆಗೇ ತಂದಿದ್ದೇವೆ ಎಂದರು. ಓಡಿದೆ. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಮಾತು ನಿಂತಿತ್ತು. ನನ್ನನ್ನು ನೋಡಿ ಗುರುತು ಹಿಡಿದರು. ಆಮೇಲೆ ಕಣ್ಣು ರತ್ನಮ್ಮನ ಕಡೆ ಹೊರಳಿ ಅಲ್ಲೇ ನಿಂತಿತು. ಆ ನೋಟ ಏನೆಂದು ಮೂವರಿಗೂ ಗೊತ್ತಿತ್ತು.

ರತ್ನಮ್ಮ ಹೊದಿಕೆ ಸರಿಮಾಡುತ್ತಾ ಗದರಿದರು. “ಹಂಗೇನ್ ನೋಡ್ತೀಯ? ಐತೆ. ಇನ್ನೂ ಐತೆ. ಎದ್ದು ಮನೀಗ್ ಬಂದು ಬಾಯಿಬಿಟ್ಟು ಕೇಳು, ಹೇಳ್ತೀನಿ.”

ಅಂಜನಕ್ಕನ ಮುಖದ ಸರಿಯಿದ್ದ ಅರ್ಧ ನಕ್ಕಿತು. ನಾನು ಅವರನ್ನು ಕಂಡದ್ದು ಅದೇ ಕೊನೆ. ನಾಲ್ಕನೆಯ ದಿನ ಹೋಗಿಬಿಟ್ಟರು.

ಕರ್ಮಗಳೆಲ್ಲ ಮುಗಿದ ಮೇಲೆ ನಾನು ಮೊಳಕಾಲ್ಮೂರಿಗೆ ಹೋದೆ. ರತ್ನಮ್ಮ ಟೀ ಕೊಟ್ಟು ಎದುರಿಗೆ ಕೂತರು. ನಾನು ಏನೂ ಕೇಳದೆಯೇ ಹೇಳಿದರು.

“ಯಾವಾಗ್ಲೋ ಹೋಗಿತ್ತು ಮೇಡಂ. ಸುಜಾತ ಕೂಸು ತಂದು ನನ್ ತೊಡೆ ಮ್ಯಾಲೆ ಹಾಕಿದ್ಲಲ್ಲ, ಅವತ್ತೇ ಹೋಗಿತ್ತು. ಒಂದ್ ಚೂರೂ ಉಳಿದಿರ್ಲಿಲ್ಲ.”

“ಮತ್ತೆ ದಿನಾ ಐತೆ ಅಂತಿದ್ರಲ್ಲ?”

“ಮೊದ್ಲೂ ಕೇಳ್ತಿದ್ಲು, ಪದ್ಧತಿ ಅಂತ ಕೇಳ್ತಿದ್ಲು. ಆಮ್ಯಾಲೆ ನನ್ ಮುಖ ನೋಡಿ ಕೇಳಾಕ್ ಹತ್ತಿದ್ಲು. ನಿಂಗೇನ್ ನೋವೈತೆ ಅಂತ ನಮ್ಮವ್ವ ಕೇಳಿರ್ಲಿಲ್ಲ, ಕಟ್ಕೊಂಡೋರು ಕೇಳಿರ್ಲಿಲ್ಲ. ಇಲ್ಲ ಅಂದ್ಬಿಟ್ರೆ ಮತ್ತೆ ಬರೇ ಪದ್ಧತಿ ಆಗ್ತದಲ್ಲ ಅಂತ ಐತೆ ಅಂತಿದ್ದೆ. ಆಸ್ಪತ್ರ್ಯಾಗೂ ಸುಳ್ಳೇ ಹೇಳ್ದೆ. ಕೇಳಾಕಾದ್ರೂ ಎದ್ದು ಬರ್ತಾಳೆ ಅಂತ.”

ಅವರ ಟೀ ಹಾಗೇ ಆರುತ್ತಿತ್ತು. ನನಗೆ ತಡೆಯಲಾಗಲಿಲ್ಲ. “ಅಂಜನಕ್ಕನಿಗೆ ಗೊತ್ತಿತ್ತಾ?” ಎಂದೆ.

ರತ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಗೊತ್ತಿತ್ತು ಮೇಡಂ. ಗೊತ್ತಿದ್ದೂ ಕೇಳ್ತಿದ್ಲು.”